ಕೇಬಲ್ ಸ್ಟ್ರೀಟಿನ ಮರುದಿನ

(ನಮ್ಮ ಊರಿನ ಓದುಗರ ಬಳಗದಲ್ಲಿ ಆಡಿದ ಮಾತು ಇದು. ಕೇಳಿದವರು ಬರೆದುಕೊಡಿ ಎಂದರು. ಮಾತಿನ ಓಟ ಉಳಿಯಲಿ ಎಂದು ಹೆಚ್ಚು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಫ್ಯಾಸಿಸ್ಟರನ್ನು ಜನ ಬೀದಿಯಲ್ಲಿ ಎದುರಿಸಿದ ಚರಿತ್ರೆಯದ್ದು. ಒಂದು ಕರಪತ್ರದ ಕತೆಯಿಂದ ಶುರು ಮಾಡುತ್ತೇನೆ. 1936ರ ಸೆಪ್ಟೆಂಬರ್ ಕೊನೆ. ಲಂಡನ್ನಿನ ಯುವ ಕಮ್ಯುನಿಸ್ಟರು ಟ್ರಫಾಲ್ಗರ್ ಚೌಕದಲ್ಲಿ ಒಂದು ಸಭೆ ಇಟ್ಟುಕೊಂಡಿದ್ದರು. ಸ್ಪೇನಿನಲ್ಲಿ ಜನರಲ್ ಫ್ರಾಂಕೋ ವಿರುದ್ಧ ಹೋರಾಡುತ್ತಿದ್ದವರನ್ನು ಬೆಂಬಲಿಸುವ ಸಭೆ. ಅಕ್ಟೋಬರ್ 4, ಭಾನುವಾರ. ಕರಪತ್ರ ಅಚ್ಚಾಗಿ ಬಂದಿತ್ತು. ಅಷ್ಟರಲ್ಲಿ ಬ್ರಿಟನ್ನಿನ ಫ್ಯಾಸಿಸ್ಟ್ ನಾಯಕ ಓಸ್ವಾಲ್ಡ್ ಮೋಸ್ಲಿ ಅದೇ ಭಾನುವಾರ ತನ್ನ ಕರಿ ಅಂಗಿಯವರನ್ನು ಕಟ್ಟಿಕೊಂಡು ಈಸ್ಟ್ ಎಂಡ್ ಒಳಗೆ ಮೆರವಣಿಗೆ ಬರುತ್ತೇನೆ ಎಂದು ಸಾರಿದ. ಈಸ್ಟ್ ಎಂಡ್ ಎಂದರೆ ಯಹೂದಿ ದರ್ಜಿಗಳು, ಬಡಗಿಗಳು, ಐರಿಷ್ ಹಮಾಲಿಗಳು ತುಂಬಿದ್ದ ಬಡವರ ಕೇರಿ.

ಪಕ್ಷದ ಮೇಲಿನವರು ಮೊದಲು ಏನು ಹೇಳಿದರು ಗೊತ್ತಾ? ಅವನ ತಂಟೆಗೆ ಹೋಗಬೇಡಿ, ನಮ್ಮ ಸಭೆ ನಡೆಯಲಿ, ಬೇಕಿದ್ದರೆ ಸಂಜೆ ನಮ್ಮದೇ ಇನ್ನೊಂದು ಸಭೆ ಮಾಡೋಣ ಎಂದರು. ಈಸ್ಟ್ ಎಂಡ್‌ನ ಸ್ಟೆಪ್ನಿ ಶಾಖೆಯ ಕಾರ್ಯದರ್ಶಿ ಜೋ ಜೇಕಬ್ಸ್‌ಗೆ ಇದನ್ನು ನುಂಗಲು ಆಗಲಿಲ್ಲ. ಅವರು ಆ ಕೇರಿಯವರೇ. ಭಾನುವಾರ ಜನ ಎಲ್ಲಿರುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಪಕ್ಷ ಮಣಿಯಿತು. ಹೊಸದಾಗಿ ಅಚ್ಚು ಹಾಕಿಸಲು ಸಮಯ ಇರಲಿಲ್ಲ. ಹಾಗಾಗಿ ಹಳೆಯ ಕರಪತ್ರದ ಮೇಲೇ ಇನ್ನೊಂದು ಸಲ ಅಚ್ಚೊತ್ತಿದರು: ಬದಲಾವಣೆ ಆಗಿದೆ, ಮಧ್ಯಾಹ್ನ 2 ಗಂಟೆಗೆ ಆಲ್ಡ್‌ಗೇಟ್‌ಗೆ ಬನ್ನಿ. ಆಲ್ಡ್‌ಗೇಟ್ ಎಂದರೆ ಈಸ್ಟ್ ಎಂಡ್‌ನ ಹೆಬ್ಬಾಗಿಲು.

ಈ ಕರಪತ್ರ ನನಗೆ ಯಾಕೆ ಮುಖ್ಯ ಎಂದರೆ, ಫ್ಯಾಸಿಸ್ಟರನ್ನು ಬೀದಿಯಲ್ಲಿ ಎದುರಿಸಿದ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಪಕ್ಷಗಳ ಹೆಸರು, ನಾಯಕರ ಹೆಸರು ಹೇಳುತ್ತೇವೆ. ಆ ದಿನ ಮುಂದೆ ನಡೆದವರು ಕೇರಿಯ ಜನ. ನಾಯಕರು ಅವರ ಹಿಂದೆ ಓಡಿ ಬಂದರು.

ಮೋಸ್ಲಿ ಯಾರು ಎಂದು ಎರಡು ಮಾತು ಹೇಳಿಬಿಡುತ್ತೇನೆ. ಶ್ರೀಮಂತ ಜಮೀನ್ದಾರ ಮನೆತನದವನು. ಕನ್ಸರ್ವೇಟಿವ್ ಪಕ್ಷದಿಂದ ಸಂಸದ ಆದ, ಆಮೇಲೆ ಲೇಬರ್ ಸರ್ಕಾರದಲ್ಲಿ ಮಂತ್ರಿ ಆದ, ಅದನ್ನೂ ಬಿಟ್ಟು 1932ರಲ್ಲಿ ಬ್ರಿಟಿಷ್ ಯೂನಿಯನ್ ಆಫ್ ಫ್ಯಾಸಿಸ್ಟ್ಸ್ ಕಟ್ಟಿದ. ಮುಸೊಲಿನಿಯಿಂದ ಗುಟ್ಟಾಗಿ ಹಣ ಬರುತ್ತಿತ್ತು. ಡೈಲಿ ಮೇಲ್ ಪತ್ರಿಕೆಯ ಒಡೆಯ 1934ರ ಜನವರಿಯಲ್ಲಿ ಕರಿ ಅಂಗಿಯವರಿಗೆ ಜೈಕಾರ ಹಾಕಿ ತಾನೇ ಲೇಖನ ಬರೆದ. ಅದೇ ವರ್ಷ ಜೂನ್‌ನಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಮೋಸ್ಲಿಯ ದೊಡ್ಡ ಸಭೆ ನಡೆಯಿತು. ಮಧ್ಯೆ ಎದ್ದು ಕೂಗಿದವರನ್ನು ಕಾರ್ಯಕರ್ತರು ಎಲ್ಲರ ಕಣ್ಣೆದುರೇ ಹೊಡೆದು ಹೊರಗೆ ಹಾಕಿದರು. ಅಲ್ಲಿಗೆ ಒಳ್ಳೆಯ ಬಟ್ಟೆಯ ಜನ ಅವನಿಂದ ದೂರ ಸರಿದರು. ಅವನು ಯಹೂದಿ ದ್ವೇಷವನ್ನೇ ಬಂಡವಾಳ ಮಾಡಿಕೊಂಡು ಈಸ್ಟ್ ಎಂಡ್ ಕಡೆ ತಿರುಗಿದ.

ಮೆರವಣಿಗೆ ನಿಲ್ಲಿಸಿ ಎಂದು ಜನ ಮೊದಲು ಕೇಳಿದ್ದು ಸರ್ಕಾರವನ್ನು. ಇದನ್ನು ಎಷ್ಟೋ ಸಲ ಮರೆತುಬಿಡುತ್ತೇವೆ. ಯಹೂದಿ ಜನರ ಮಂಡಳಿಯೊಂದು ಎರಡೇ ದಿನದಲ್ಲಿ ಲಕ್ಷದ ಹತ್ತಿರ ಸಹಿ ಸಂಗ್ರಹಿಸಿ ಗೃಹ ಇಲಾಖೆಗೆ ಕೊಟ್ಟಿತು. ಈಸ್ಟ್ ಎಂಡ್‌ನ ಮೇಯರುಗಳು ಹೋಗಿ ಬೇಡಿಕೊಂಡರು. ಗೃಹ ಮಂತ್ರಿ ಜಾನ್ ಸೈಮನ್ ಒಪ್ಪಲಿಲ್ಲ. ಯಹೂದಿಗಳ ಅಧಿಕೃತ ಸಂಸ್ಥೆ ಬೋರ್ಡ್ ಆಫ್ ಡೆಪ್ಯುಟೀಸ್ ಜನರಿಗೆ ಮನೆಯಲ್ಲೇ ಇರಿ ಎಂದಿತು. ಲೇಬರ್ ಪಕ್ಷದವರೂ ಅದನ್ನೇ ಹೇಳಿದರು.

ಜನ ಮನೆಯಲ್ಲಿ ಇರಲಿಲ್ಲ. ಎಷ್ಟು ಜನ ಸೇರಿದರು ಎಂಬ ಲೆಕ್ಕದಲ್ಲಿ ಇವತ್ತಿಗೂ ಜಗಳ ಇದೆ. ಲಕ್ಷ ಎನ್ನುವವರಿದ್ದಾರೆ, ಮೂರು ಲಕ್ಷ ಎನ್ನುವವರೂ ಇದ್ದಾರೆ. ಮೋಸ್ಲಿಯ ಕಡೆ ಇದ್ದವರು ಎರಡು ಮೂರು ಸಾವಿರ. ನಡುವೆ ಆರೇಳು ಸಾವಿರ ಪೊಲೀಸರು, ಲಂಡನ್ನಿನ ಕುದುರೆ ಪೊಲೀಸ್ ಪಡೆ ಪೂರ್ತಿ. ಗಾರ್ಡಿನರ್ಸ್ ಕಾರ್ನರ್ ಎಂಬ ದೊಡ್ಡ ಕೂಡುರಸ್ತೆಯಲ್ಲಿ ಟ್ರಾಮ್ ಚಾಲಕನೊಬ್ಬ ಗಾಡಿ ನಿಲ್ಲಿಸಿ, ಇಳಿದು ಹೋಗಿಬಿಟ್ಟ. ಹಿಂದಿನ ಟ್ರಾಮ್‌ಗಳೂ ನಿಂತವು. ದಾರಿ ಬಂದ್.

ಆಗ ಪೊಲೀಸರು ದಕ್ಷಿಣದ ಕಿರಿದಾದ ಬೀದಿಯಲ್ಲಿ ದಾರಿ ಬಿಡಿಸಲು ನೋಡಿದರು. ಅದೇ ಕೇಬಲ್ ಸ್ಟ್ರೀಟ್. ಅಲ್ಲಿ ಲಾರಿಯೊಂದನ್ನು ಅಡ್ಡ ಉರುಳಿಸಿ, ಹಳೆಯ ಮಂಚ, ಕುರ್ಚಿ, ಹಲಗೆ, ಕಲ್ಲು ಎಲ್ಲ ಪೇರಿಸಿ ಬ್ಯಾರಿಕೇಡ್ ಮಾಡಿದ್ದರು. ಕುದುರೆಗಳ ಕಾಲ ಕೆಳಗೆ ಹುಡುಗರು ಗೋಲಿ ಎಸೆದರು. ಮಹಡಿಯ ಕಿಟಕಿಗಳಿಂದ ಹೆಂಗಸರು ಕಸ, ಕೊಳೆತ ತರಕಾರಿ, ರಾತ್ರಿ ಮಂಚದ ಕೆಳಗೆ ಇಟ್ಟುಕೊಳ್ಳುವ ಪಾತ್ರೆಯಲ್ಲಿದ್ದದ್ದು ಎಲ್ಲವನ್ನೂ ಪೊಲೀಸರ ತಲೆ ಮೇಲೆ ಸುರಿದರು. ಜಗಳ ನಡೆದದ್ದು ಜನರಿಗೂ ಪೊಲೀಸರಿಗೂ. ಫ್ಯಾಸಿಸ್ಟರು ದೂರದಲ್ಲಿ ಸಾಲಾಗಿ ನಿಂತು ಕಾಯುತ್ತಿದ್ದರು. ಮಧ್ಯಾಹ್ನ ಕಳೆದ ಮೇಲೆ ಪೊಲೀಸ್ ಕಮಿಷನರ್ ಸರ್ ಫಿಲಿಪ್ ಗೇಮ್ ಮೋಸ್ಲಿಗೆ ವಾಪಸ್ ಹೋಗು ಎಂದರು. ಅವನು ಹೋದ.

ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದಾಗ ನಾನು ಆ ಬೀದಿಗೆ ಹೋಗಿದ್ದೆ. ಸೇಂಟ್ ಜಾರ್ಜ್ ಟೌನ್‌ಹಾಲ್ ಪಕ್ಕದ ಗೋಡೆ ತುಂಬ ಒಂದು ದೊಡ್ಡ ಚಿತ್ರ ಇದೆ. 1976ರಲ್ಲಿ ಶುರುವಾಗಿ 1983ರಲ್ಲಿ ಮುಗಿದದ್ದು. ನಡುವೆ ಬಲಪಂಥೀಯರು ಬಣ್ಣ ಎರಚಿ ಕೆಡಿಸಿದ್ದರು, ಮತ್ತೆ ಬರೆದರು. ಬೆದರಿ ಎದ್ದ ಕುದುರೆಗಳು, ಲಾಠಿ, ಹಾರುವ ಕಾಗದಗಳು. ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಆಲ್ತಾಬ್ ಅಲಿ ಪಾರ್ಕ್ ಇದೆ. ಆ ಹೆಸರಿನ ಕತೆಗೆ ಆಮೇಲೆ ಬರುತ್ತೇನೆ.

ಈಗ ಮರುದಿನದ ಮಾತು. ಗೋಡೆಯ ಚಿತ್ರದಲ್ಲಿ ಇದು ಇಲ್ಲ.

ಗೆದ್ದವರು ಕುಣಿದರು, ಸರಿ. ಆದರೆ ಒಂದೇ ವಾರಕ್ಕೆ, ಅಕ್ಟೋಬರ್ 11ರಂದು, ಮೈಲ್ ಎಂಡ್ ರಸ್ತೆಯಲ್ಲಿ ನೂರಕ್ಕೂ ಜಾಸ್ತಿ ಹುಡುಗರು ನುಗ್ಗಿ ಯಹೂದಿಗಳ ಅಂಗಡಿ ಗಾಜುಗಳನ್ನು ಪುಡಿ ಮಾಡಿದರು. ಸಿಕ್ಕವರನ್ನು ಹೊಡೆದರು. ಒಂದು ಪುಟ್ಟ ಹುಡುಗಿಯನ್ನು ಕಿಟಕಿ ಗಾಜಿನೊಳಕ್ಕೆ ಎಸೆದರು. ಪೊಲೀಸರ ಗುಪ್ತಚರ ವಿಭಾಗದ ವರದಿಯ ಪ್ರಕಾರ ಆ ದಿನಗಳಲ್ಲಿ ಲಂಡನ್ನಿನಲ್ಲಿ ಮೋಸ್ಲಿಯ ಪಕ್ಷಕ್ಕೆ 2,000 ಜನ ಹೊಸದಾಗಿ ಸೇರಿದರು. 1937ರ ಮಾರ್ಚ್‌ನಲ್ಲಿ ಲಂಡನ್ ಕೌಂಟಿ ಚುನಾವಣೆ ನಡೆದಾಗ ಈಸ್ಟ್ ಎಂಡ್‌ನ ಬೆತ್ನಲ್ ಗ್ರೀನ್‌ನಲ್ಲಿ ಅವರಿಗೆ ಬಂದ ಮತ ಶೇಕಡಾ 23. ಸೀಟು ಒಂದೂ ಬರಲಿಲ್ಲ. ಆದರೂ 23 ಸಣ್ಣ ಸಂಖ್ಯೆಯಾ?

ಇನ್ನೊಂದು ಫಲ ಕಾನೂನು. 1936ರ ಪಬ್ಲಿಕ್ ಆರ್ಡರ್ ಆ್ಯಕ್ಟ್ ಬಂತು. ರಾಜಕೀಯ ಪಕ್ಷದವರು ಸಮವಸ್ತ್ರ ಹಾಕುವಂತಿಲ್ಲ ಎಂದಾಯಿತು. ಕರಿ ಅಂಗಿಯ ಮೆರುಗು ಅಲ್ಲಿಗೆ ಮುಗಿಯಿತು. ಆದರೆ ಅದೇ ಕಾನೂನು ಮೆರವಣಿಗೆ ನಿಷೇಧಿಸುವ ಅಧಿಕಾರವನ್ನೂ ಕೊಟ್ಟಿತು. ಮುಂದೆ ಮುಷ್ಕರ ಮಾಡುವ ಕಾರ್ಮಿಕರ ಮೇಲೆ, ಎಡಪಂಥೀಯರ ಮೇಲೆ ಅದೇ ಕಾನೂನು ಬಿತ್ತು. ಒಬ್ಬರ ಕೈ ಕಟ್ಟಲು ತಂದ ಹಗ್ಗ ಇನ್ನೊಬ್ಬರ ಕೈಗೂ ಬರುತ್ತದೆ ಎಂಬುದನ್ನು ಅವತ್ತು ಸಂಭ್ರಮದಲ್ಲಿದ್ದವರು ಯೋಚಿಸಿರಲಿಲ್ಲ.

ಹಾಗಾದರೆ ಬೀದಿಯಲ್ಲಿ ತಡೆದದ್ದು ತಪ್ಪಾ? ನನ್ನ ಮಟ್ಟಿಗೆ ತಪ್ಪಲ್ಲ. ನಿಮ್ಮ ಮನೆ ಮುಂದೆ ನಿಮ್ಮನ್ನು ಓಡಿಸಬೇಕು ಎಂದು ಕೂಗುತ್ತಾ ಸಮವಸ್ತ್ರದ ಪಡೆ ಬರುವಾಗ, ಸರ್ಕಾರದ ಬಾಗಿಲು ತಟ್ಟಿಯೂ ಆಗಿರುವಾಗ, ಬಾಗಿಲು ಹಾಕಿಕೊಂಡು ಒಳಗೆ ಕೂರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಷ್ಟಕ್ಕೆ ಗೆದ್ದೆವು ಎನ್ನುವುದು ಸುಳ್ಳು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಮುಂದೆ ಹೋಗಬೇಕು.

ಇದಕ್ಕಿಂತ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗೋಣ. ಇಟಲಿ. ಮೊದಲ ಮಹಾಯುದ್ಧದಿಂದ ಬಂದ ಸೈನಿಕರಲ್ಲಿ ಕೆಲವರು ಮುಸೊಲಿನಿಯ ಕಡೆ ಹೋದರು. ಕೆಲವರು ಅವನ ಗೂಂಡಾಗಳನ್ನು ತಡೆಯಲು 1921ರ ಬೇಸಿಗೆಯಲ್ಲಿ ಆರ್ದಿತಿ ದೆಲ್ ಪೊಪೊಲೊ ಎಂಬ ಪಡೆ ಕಟ್ಟಿದರು. ಫ್ಯಾಸಿಸ್ಟರನ್ನು ಕೈಯಲ್ಲಿ ಕೋಲು ಹಿಡಿದು ಎದುರಿಸಿದ ಮೊದಲ ಸಂಘಟನೆ ಎಂದರೆ ಇದೇ. ಇವರ ಬೆನ್ನಿಗೆ ಯಾರು ನಿಂತರು? ಯಾರೂ ಇಲ್ಲ. ಸಮಾಜವಾದಿ ಪಕ್ಷ ಅದೇ ಆಗಸ್ಟ್‌ನಲ್ಲಿ ಫ್ಯಾಸಿಸ್ಟರ ಜೊತೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಕಮ್ಯುನಿಸ್ಟ್ ಪಕ್ಷ ತನ್ನ ಸದಸ್ಯರಿಗೆ ಆ ಪಡೆಗೆ ಸೇರಬೇಡಿ ಎಂದಿತು, ಅದು ತಮ್ಮ ಹತೋಟಿಯಲ್ಲಿ ಇಲ್ಲ ಎಂಬ ಕಾರಣಕ್ಕೆ.

ಆದರೂ ಒಂದು ಊರು ನಿಂತಿತು. ಪಾರ್ಮಾ. 1922ರ ಆಗಸ್ಟ್. ಮುಷ್ಕರ ಮುರಿಯುವ ನೆಪದಲ್ಲಿ ಫ್ಯಾಸಿಸ್ಟ್ ಮುಖಂಡ ಇಟಾಲೋ ಬಾಲ್ಬೋ ಸಾವಿರಾರು ಜನರ ಪಡೆ ತಂದು ಊರನ್ನು ಸುತ್ತುಗಟ್ಟಿದ. ಹೊಳೆಯಾಚೆಯ ಬಡವರ ಕೇರಿ ಓಲ್ತ್ರೆತೊರ್ರೆಂತೆಯಲ್ಲಿ ಗ್ವೀದೋ ಪಿಚೆಲ್ಲಿ ಎಂಬ ಸಂಸದ, ಯುದ್ಧಕ್ಕೆ ಹೋಗಿ ಬಂದಿದ್ದ ಮನುಷ್ಯ, ಕೆಲವು ನೂರು ಜನರನ್ನು ಕಟ್ಟಿಕೊಂಡು ನಿಂತರು. ಬೀದಿಯ ಹಾಸುಗಲ್ಲು ಕಿತ್ತು ಕಂದಕ ತೋಡಿದರು. ಚರ್ಚಿನ ಬೆಂಚುಗಳೂ ಬ್ಯಾರಿಕೇಡ್‌ಗೆ ಬಂದವು. ಕೇರಿಯ ಹೆಂಗಸರು, ಮುದುಕರು, ಮಕ್ಕಳು ಎಲ್ಲರೂ ಕೆಲಸಕ್ಕೆ ನಿಂತರು. ಐದಾರು ದಿನ ಗುಂಡು ಹಾರಿದ ಮೇಲೆ ಬಾಲ್ಬೋ ವಾಪಸ್ ಹೋಗಬೇಕಾಯಿತು. ಮುಂದೆ 1933ರಲ್ಲಿ ಇದೇ ಬಾಲ್ಬೋ ವಿಮಾನಗಳ ದಂಡು ಕಟ್ಟಿಕೊಂಡು ಅಟ್ಲಾಂಟಿಕ್ ಸಾಗರ ದಾಟಿ ಶಿಕಾಗೋ ತಲುಪಿದಾಗ ಪಾರ್ಮಾದ ಗೋಡೆಯ ಮೇಲೆ ಯಾರೋ ಬರೆದಿದ್ದರಂತೆ: ಬಾಲ್ಬೋ, ಅಟ್ಲಾಂಟಿಕ್ ದಾಟಿದೆ, ನಮ್ಮ ಪಾರ್ಮಾ ಹೊಳೆ ದಾಟಲಿಲ್ಲ. ನಮ್ಮ ಕಡೆ ಹೊಳೆ ದಂಡೆಯಲ್ಲಿ ಬೆಳೆದವರಿಗೆ ಈ ಮಾತಿನ ರುಚಿ ಬೇಗ ಹತ್ತುತ್ತದೆ.

ಪಾರ್ಮಾ ಗೆದ್ದಿತು, ಇಟಲಿ ಸೋತಿತು. ಮೂರು ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ ಕೊನೆಗೆ ಮುಸೊಲಿನಿ ಪ್ರಧಾನಿ ಆದ. ರಾಜ ತಾನೇ ಕರೆದು ಕೊಟ್ಟ. ಪಿಚೆಲ್ಲಿ ಜೈಲು, ಗಡೀಪಾರು ಎಲ್ಲ ನೋಡಿ, 1937ರ ಜನವರಿಯಲ್ಲಿ ಸ್ಪೇನಿನ ಯುದ್ಧದಲ್ಲಿ ಗುಂಡಿಗೆ ಬಲಿಯಾದರು.

ಇನ್ನು ಜರ್ಮನಿ. ಇವತ್ತು ಎಲ್ಲರ ಬಾಯಲ್ಲಿರುವ 'ಆಂಟಿಫಾ' ಎಂಬ ಮಾತು ಅಲ್ಲಿಂದ ಬಂದದ್ದು. 1932ರ ಮೇ ತಿಂಗಳಲ್ಲಿ ಜರ್ಮನ್ ಕಮ್ಯುನಿಸ್ಟ್ ಪಕ್ಷ 'ಆಂಟಿಫಾಷಿಸ್ಟಿಷೆ ಆಕ್ಟ್ಸಿಯೋನ್' ಎಂಬ ಕರೆ ಕೊಟ್ಟಿತು. ವೃತ್ತದೊಳಗೆ ಎರಡು ಬಾವುಟದ ಗುರುತು ಇವತ್ತು ಟಿ-ಶರ್ಟ್‌ಗಳ ಮೇಲೆಲ್ಲ ಕಾಣುತ್ತದಲ್ಲ, ಅದನ್ನು ಆಗಲೇ ಮಾಕ್ಸ್ ಕೈಲ್ಸನ್ ಮತ್ತು ಮಾಕ್ಸ್ ಗೆಬ್‌ಹಾರ್ಡ್ ಎಂಬ ಕಲಾವಿದರು ಬರೆದರು. ಆಗ ಎರಡು ಬಾವುಟವೂ ಕೆಂಪು.

ಇಲ್ಲಿ ನನಗೆ ಹೊಟ್ಟೆಯಲ್ಲಿ ಸಂಕಟ ಆಗುವ ಒಂದು ಸಂಗತಿ ಇದೆ. ಈ ಕಮ್ಯುನಿಸ್ಟ್ ಪಕ್ಷ ಹಲವು ವರ್ಷ ಕಾರ್ಮಿಕರ ಇನ್ನೊಂದು ದೊಡ್ಡ ಪಕ್ಷವಾದ ಸೋಶಿಯಲ್ ಡೆಮಾಕ್ರಟರನ್ನು 'ಸಾಮಾಜಿಕ ಫ್ಯಾಸಿಸ್ಟರು' ಎಂದು ಕರೆಯಿತು. ಮಾಸ್ಕೋದಿಂದ ಬಂದ ಧೋರಣೆ ಅದು. 1931ರ ಆಗಸ್ಟ್‌ನಲ್ಲಿ ಜರ್ಮನಿಯ ಅತಿ ದೊಡ್ಡ ರಾಜ್ಯ ಪ್ರಷ್ಯಾದ ಸೋಶಿಯಲ್ ಡೆಮಾಕ್ರಟ್ ಸರ್ಕಾರವನ್ನು ಇಳಿಸಲು ನಡೆದ ಜನಮತದಲ್ಲಿ ನಾಜಿಗಳೂ ಕಮ್ಯುನಿಸ್ಟರೂ ಒಂದೇ ಕಡೆ ಇದ್ದರು. ಸೋಶಿಯಲ್ ಡೆಮಾಕ್ರಟರ ಕಡೆಯವರು ತಮ್ಮದೇ ಬೇರೆ ಪಡೆ ಕಟ್ಟಿಕೊಂಡರು, ಮೂರು ಬಾಣದ ಗುರುತಿನ ಐರನ್ ಫ್ರಂಟ್. ಅವರ ಪೋಸ್ಟರಿನಲ್ಲಿ ಒಂದು ಬಾಣ ಕಮ್ಯುನಿಸ್ಟರ ಮೇಲೂ ಇತ್ತು. 1932ರ ನವೆಂಬರ್ ಚುನಾವಣೆ ನೋಡಿ. ನಾಜಿಗಳಿಗೆ 196 ಸೀಟು. ಸೋಶಿಯಲ್ ಡೆಮಾಕ್ರಟರಿಗೆ 121, ಕಮ್ಯುನಿಸ್ಟರಿಗೆ 100. ಕೂಡಿಸಿದರೆ 221. ಕೂಡಿಸುವವರು ಇರಲಿಲ್ಲ. 1933ರ ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್. ಆಮೇಲೆ ಈ ಎರಡೂ ಪಕ್ಷದವರು ನಾಜಿಗಳ ಒಂದೇ ಸೆರೆ ಕ್ಯಾಂಪುಗಳಲ್ಲಿ ಸೇರಿದರು.

ಬೀದಿ ಕಾಳಗದ ಮಾತು ಬಂದಾಗ ಜನ ಕೇಳುವ ಮೊದಲ ಪ್ರಶ್ನೆ, ಫ್ಯಾಸಿಸ್ಟ್ ಯಾರು ಎಂದು ತೀರ್ಮಾನ ಮಾಡುವವರು ಯಾರು? ಇದು ಸುಮ್ನೆ ಕೇಳುವ ಕುಹಕದ ಪ್ರಶ್ನೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರ್ಲಿನ್ನಿನಲ್ಲಿ ಆ ಪದವನ್ನು ಪಕ್ಕದ ಮನೆಯವರ ಮೇಲೆ ಬಳಸಿದರು. ನಿಜವಾದವರು ಬಂದಾಗ ಕೂಗಲು ಪದವೇ ಉಳಿದಿರಲಿಲ್ಲ.

ಬೀದಿಯ ಹಿಂಸೆಯಿಂದ ಇನ್ನೊಂದು ಪೆಟ್ಟೂ ಬಿತ್ತು. 1932ರ ಜುಲೈ 17ರಂದು ಹ್ಯಾಂಬರ್ಗ್ ಪಕ್ಕದ ಆಲ್ಟೋನಾದ ಕಾರ್ಮಿಕರ ಕೇರಿಯಲ್ಲಿ ನಾಜಿಗಳ ಮೆರವಣಿಗೆ ನುಗ್ಗಿದಾಗ ಗುಂಡು ಹಾರಿ 18 ಜನ ಸತ್ತರು. ಹೆಚ್ಚಿನವರು ಪೊಲೀಸರ ಗುಂಡಿಗೆ. ಚಾನ್ಸಲರ್ ಫಾನ್ ಪಾಪೆನ್ ಅದನ್ನೇ ನೆಪ ಮಾಡಿಕೊಂಡು ಮೂರೇ ದಿನದಲ್ಲಿ ಪ್ರಷ್ಯಾದ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿದ. ಊರಲ್ಲಿ ಶಾಂತಿ ಇಲ್ಲ ಎಂಬ ಮಾತು ಯಾರಿಗೆ ಲಾಭ ತರುತ್ತದೆ ಎಂದು ಈ ಹೋರಾಟ ಮಾಡುವವರು ದಿನಾ ಕೇಳಿಕೊಳ್ಳಬೇಕಾದ ಪ್ರಶ್ನೆ.

ಇಷ್ಟು ಹೇಳುವ ಹೊತ್ತಿಗೆ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, ಗಾಂಧೀಜಿ ಇದಕ್ಕೆ ಏನನ್ನುತ್ತಿದ್ದರು ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಊಹಿಸಬೇಕಾಗಿಲ್ಲ, ಅವರೇ ಬರೆದಿದ್ದಾರೆ. 1938ರ ನವೆಂಬರ್ 26ರ 'ಹರಿಜನ' ಪತ್ರಿಕೆಯಲ್ಲಿ. ಮನುಕುಲಕ್ಕಾಗಿ ನ್ಯಾಯವಾದ ಯುದ್ಧ ಎಂಬುದು ಇರುವುದಾದರೆ ಜರ್ಮನಿಯ ಮೇಲೆ ಮಾಡುವ ಯುದ್ಧವೇ ಅದು, ಆದರೆ ನನಗೆ ಯಾವ ಯುದ್ಧದಲ್ಲೂ ನಂಬಿಕೆ ಇಲ್ಲ ಎಂದರು. ಜರ್ಮನಿಯ ಯಹೂದಿಗಳು ಸತ್ಯಾಗ್ರಹ ಮಾಡಬೇಕು ಎಂದರು. ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ 1939ರ ಫೆಬ್ರವರಿಯಲ್ಲಿ ಗಾಂಧೀಜಿಗೆ ಉದ್ದ ಪತ್ರ ಬರೆದರು. ಗಾಂಧೀಜಿಯನ್ನು ಬಹಳ ಗೌರವಿಸುತ್ತಿದ್ದ ಮನುಷ್ಯ. ದಕ್ಷಿಣ ಆಫ್ರಿಕಾದ ಭಾರತೀಯರ ಸ್ಥಿತಿಯನ್ನೂ ನಾಜಿ ಕ್ಯಾಂಪುಗಳನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ, ಯಾರ ಕಣ್ಣಿಗೂ ಬೀಳದಂತೆ ಸಾಯಿಸುವ ಕಡೆ ಆ ಸಾವಿಗೆ ಸಾಕ್ಷಿ ಯಾರು ಎಂಬುದು ಅವರ ಪತ್ರದ ತಿರುಳು. ನಾನು ಗಾಂಧಿಯನ್ನು ಓದಿಕೊಂಡೇ ಬೆಳೆದವನು. ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಬೂಬರ್ ಕಡೆ ವಾಲುತ್ತದೆ.

ಅದೇ ಕಾರಣಕ್ಕೆ 43 ಗ್ರೂಪ್ ಬಗ್ಗೆ ಕಠಿಣವಾಗಿ ಮಾತಾಡಲು ನನಗೆ ಆಗುವುದಿಲ್ಲ. ಎರಡನೇ ಮಹಾಯುದ್ಧ ಮುಗಿದು ಬ್ರಿಟನ್ನಿನ ಯಹೂದಿ ಸೈನಿಕರು ಮನೆಗೆ ಬಂದರು. ಕ್ಯಾಂಪುಗಳ ಹೆಣದ ರಾಶಿಯನ್ನು ಸಿನಿಮಾ ಮಂದಿರದ ಸುದ್ದಿಚಿತ್ರಗಳಲ್ಲಿ ಜಗತ್ತೇ ನೋಡಿತ್ತು. ಬಂದು ನೋಡಿದರೆ ಲಂಡನ್ನಿನ ಡಾಲ್ಸ್ಟನ್‌ನ ರಿಡ್ಲಿ ರಸ್ತೆಯಲ್ಲಿ ಮೋಸ್ಲಿಯ ಹಳೆಯ ಶಿಷ್ಯರು ಮತ್ತೆ ಮೇಜು ಹಾಕಿಕೊಂಡು ಯಹೂದಿಗಳನ್ನು ಬೈಯುತ್ತಿದ್ದಾರೆ, ಪೊಲೀಸರು ಕಾವಲು ನಿಂತಿದ್ದಾರೆ. 1946ರಲ್ಲಿ 43 ಜನ ಸೇರಿ ಗುಂಪು ಕಟ್ಟಿದರು. ಅವರ ಕೆಲಸ ಸರಳ. ಸಭೆಯ ಗುಂಪಿನೊಳಗೆ ಬೆಣೆ ಹೊಡೆದ ಹಾಗೆ ನುಗ್ಗಿ ವೇದಿಕೆ ಉರುಳಿಸುವುದು. ವೇದಿಕೆ ಬಿದ್ದರೆ ಪೊಲೀಸರು ಸಭೆ ಮುಗಿಸಿಬಿಡುತ್ತಿದ್ದರು. ಆಮೇಲೆ ಜಗತ್ತಿನಲ್ಲೇ ಹೆಸರು ಮಾಡಿದ ಕೇಶ ವಿನ್ಯಾಸಕ ವಿಡಾಲ್ ಸಸೂನ್ ಆಗಿನ್ನೂ ಹದಿಹರೆಯದ ಹುಡುಗ, ಅವನೂ ಅದರಲ್ಲಿದ್ದ. ಹೊಡೆದಾಟ ಮಾತ್ರ ನಡೆಯಲಿಲ್ಲ, ಫ್ಯಾಸಿಸ್ಟರ ಒಳಗೆ ತಮ್ಮವರನ್ನು ಗುಟ್ಟಾಗಿ ಕಳಿಸಿ ಸುದ್ದಿ ತರಿಸುತ್ತಿದ್ದರು. ಬೋರ್ಡ್ ಆಫ್ ಡೆಪ್ಯುಟೀಸ್ ಮತ್ತೆ ವಿರೋಧಿಸಿತು. 1950ರಲ್ಲಿ, ಇನ್ನು ಕೆಲಸ ಇಲ್ಲ ಎಂದು ತಾವೇ ಗುಂಪನ್ನು ಮುಚ್ಚಿದರು. ಮುಚ್ಚಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹೊಡೆದಾಟ ಕಲಿತವರಿಗೆ ಅದನ್ನು ಬಿಡುವುದು ಸುಲಭವಲ್ಲ.

ಆಲ್ತಾಬ್ ಅಲಿ ಪಾರ್ಕಿನ ಕತೆಗೆ ಬರುತ್ತೇನೆ ಎಂದೆನಲ್ಲ. 1970ರ ದಶಕಕ್ಕೆ ಈಸ್ಟ್ ಎಂಡ್‌ನ ಯಹೂದಿ ದರ್ಜಿಗಳ ಜಾಗಕ್ಕೆ ಬಂಗಾಳಿ ದರ್ಜಿಗಳು ಬಂದಿದ್ದರು. ಬ್ರಿಕ್ ಲೇನ್‌ನಲ್ಲಿ ಒಂದು ಕಟ್ಟಡ ಇದೆ. 1743ರಲ್ಲಿ ಫ್ರಾನ್ಸಿನಿಂದ ಓಡಿ ಬಂದ ಪ್ರೊಟೆಸ್ಟೆಂಟರ ಚರ್ಚು, ಆಮೇಲೆ ಯಹೂದಿಗಳ ಸಿನಗಾಗ್, 1976ರಿಂದ ಮಸೀದಿ. ಗೋಡೆ ಅದೇ, ಬರುವ ಬಡವರು ಬೇರೆ. ಮೋಸ್ಲಿಯ ಜಾಗಕ್ಕೆ ವಲಸೆ ಬಂದವರನ್ನು ದ್ವೇಷಿಸುವ ನ್ಯಾಷನಲ್ ಫ್ರಂಟ್ ಎಂಬ ಪಕ್ಷ ಬಂದಿತ್ತು. 1978ರ ಮೇ 4ರ ಸಂಜೆ ಬಟ್ಟೆ ಕಾರ್ಖಾನೆಯ ಕೆಲಸ ಮುಗಿಸಿ ಹೋಗುತ್ತಿದ್ದ ಆಲ್ತಾಬ್ ಅಲಿ ಎಂಬ ಯುವಕನನ್ನು ಚೂರಿ ಹಾಕಿ ಕೊಂದರು. ಹತ್ತು ದಿನದ ಮೇಲೆ ಸುಮಾರು 7,000 ಜನ ಶವಪೆಟ್ಟಿಗೆಯ ಹಿಂದೆ ಪ್ರಧಾನಿ ಮನೆ ತನಕ ನಡೆದರು.

ಮರುವರ್ಷ, 1979ರ ಏಪ್ರಿಲ್ 23. ಪಂಜಾಬಿಗಳು ತುಂಬಿದ್ದ, ಲಂಡನ್ನಿನ ಸೌತಾಲ್ ಟೌನ್‌ಹಾಲ್‌ನಲ್ಲೇ ನ್ಯಾಷನಲ್ ಫ್ರಂಟ್ ಚುನಾವಣಾ ಸಭೆ ಇಟ್ಟಿತು. ಅಂಗಡಿಗಳು ಬಾಗಿಲು ಹಾಕಿದವು. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಜನರನ್ನು ಶಾಂತವಾಗಿ ಕೂರಿಸಬೇಕು ಎಂದಿತ್ತು. ಪೊಲೀಸರು ಕೂರಲು ಬಿಡಲಿಲ್ಲ. ಆ ಸಂಜೆ ಬ್ಲೇರ್ ಪೀಚ್ ಎಂಬ 33 ವರ್ಷದ ಮೇಷ್ಟ್ರ ತಲೆಗೆ ಪೆಟ್ಟು ಬಿದ್ದು ಅವರು ಸತ್ತರು. ಪೆಟ್ಟು ಬಹುತೇಕ ಖಚಿತವಾಗಿ ಪೊಲೀಸನದ್ದೇ ಎಂದು ಪೊಲೀಸರ ಒಳಗಿನ ತನಿಖೆಯೇ ಹೇಳಿತ್ತು. ಆ ವರದಿ ಜನರ ಕೈಗೆ ಬಂದದ್ದು 2010ರಲ್ಲಿ. ಯಾರ ಮೇಲೂ ಕೇಸು ಆಗಲಿಲ್ಲ. ಅವರ ದೇಹವನ್ನು ಸೌತಾಲ್‌ನ ಡೊಮಿನಿಯನ್ ಚಿತ್ರಮಂದಿರದಲ್ಲಿ ಇಟ್ಟಾಗ ಸಾವಿರಾರು ಜನ ಸಾಲು ನಿಂತು ಕೈ ಮುಗಿದರು. ನ್ಯೂಜಿಲೆಂಡಿನಿಂದ ಬಂದ ಮನುಷ್ಯ, ಸೌತಾಲ್‌ನ ಹುಡುಗರಿಗಾಗಿ ಬೀದಿಗಿಳಿದ. ಇದನ್ನು ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ.

ಆ ಚುನಾವಣೆಯಲ್ಲಿ ನ್ಯಾಷನಲ್ ಫ್ರಂಟ್ 303 ಕಡೆ ನಿಂತು ಎಲ್ಲ ಕಡೆ ನೆಲಕಚ್ಚಿತು. ಬೀದಿ ಹೋರಾಟದಿಂದಲೇ ಎಂದು ಒಂದು ಕಡೆಯವರು ಹೇಳುತ್ತಾರೆ. ಇನ್ನೊಂದು ಕಡೆಯವರು 1978ರ ಜನವರಿಯ ಟಿವಿ ಸಂದರ್ಶನ ನೆನಪಿಸುತ್ತಾರೆ. ಬೇರೆ ಸಂಸ್ಕೃತಿಯವರು ಬಂದು ತಮ್ಮನ್ನು ಮುಳುಗಿಸಿಬಿಡುತ್ತಾರೆ ಎಂದು ಜನ ಹೆದರಿದ್ದಾರೆ ಎಂದು ಕನ್ಸರ್ವೇಟಿವ್ ಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಅದರಲ್ಲಿ ಹೇಳಿದ್ದರು. ಆ ಮತಗಳನ್ನು ಅವರೇ ಎತ್ತಿಕೊಂಡು ಹೋದರು ಎಂಬುದು ಇವರ ವಾದ. ಎರಡೂ ನಡೆದಿದೆ ಎಂದು ನನಗೆ ಅನ್ನಿಸುತ್ತದೆ. ಎರಡನೆಯದು ನಿಜವಾದರೆ, ಬೀದಿಯಲ್ಲಿ ಸೋತ ಮಾತು ಸೂಟು ಹಾಕಿಕೊಂಡು ಪಾರ್ಲಿಮೆಂಟಿಗೆ ಹೋಯಿತು ಎಂದಾಯಿತು, ಅಲ್ವಾ?

ಅಮೆರಿಕದ ವಿಷಯವನ್ನು ಬೇಗ ಮುಗಿಸುತ್ತೇನೆ, ಅದು ಇನ್ನೂ ನಡೆಯುತ್ತಿರುವ ಜಗಳ. ಅಲ್ಲಿ ಆಂಟಿಫಾ ಎಂದರೆ ಒಂದು ಕಚೇರಿ, ಒಬ್ಬ ಅಧ್ಯಕ್ಷ ಇರುವ ಸಂಸ್ಥೆಯಲ್ಲ. ಊರೂರಿನ ಸಣ್ಣ ಗುಂಪುಗಳು, ಕೆಲವರು ಮುಖ ಮುಚ್ಚಿಕೊಂಡು ಬರುವವರು. 2017ರ ಆಗಸ್ಟ್‌ನಲ್ಲಿ ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯರ ಮೇಲ್ಮೆ ಸಾರುವವರು ಪಂಜು ಹಿಡಿದು ಬಂದರು. ಮರುದಿನ ಅವರಲ್ಲೊಬ್ಬ ವಿರೋಧಿಗಳ ಮೇಲೆ ಕಾರು ನುಗ್ಗಿಸಿ ಒಬ್ಬ ಯುವತಿಯನ್ನು ಕೊಂದ. ಅಲ್ಲಿ ಪಾದ್ರಿಗಳ ಜೊತೆ ನಿಂತಿದ್ದ ಚಿಂತಕ ಕಾರ್ನೆಲ್ ವೆಸ್ಟ್, ಈ ಆಂಟಿಫಾ ಹುಡುಗರು ಇಲ್ಲದಿದ್ದರೆ ನಮ್ಮನ್ನು ಹೊಸಕಿಹಾಕುತ್ತಿದ್ದರು ಎಂದರು. ಅದೇ ತಿಂಗಳು ನೋಮ್ ಚಾಮ್‌ಸ್ಕಿ, ಆಂಟಿಫಾ ಬಲಪಂಥಕ್ಕೆ ಸಿಕ್ಕ ದೊಡ್ಡ ಉಡುಗೊರೆ ಎಂದರು. ಇಬ್ಬರೂ ಎಡಪಂಥದ ದೊಡ್ಡವರು. 2020ರ ಆಗಸ್ಟ್ ಕೊನೆಗೆ ಪೋರ್ಟ್‌ಲೆಂಡಿನಲ್ಲಿ, ತಾನು ಆಂಟಿಫಾ ಎಂದು ಹೇಳಿಕೊಂಡಿದ್ದ ಒಬ್ಬ, ಬಲಪಂಥದ ಒಬ್ಬನನ್ನು ಗುಂಡಿಟ್ಟು ಕೊಂದ. ಕೆಲವೇ ದಿನಗಳಲ್ಲಿ ಪೊಲೀಸರು ಅವನನ್ನೂ ಕೊಂದರು. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಆಂಟಿಫಾವನ್ನು ದೇಶದೊಳಗಿನ ಭಯೋತ್ಪಾದಕ ಸಂಘಟನೆ ಎಂದು ಆದೇಶ ಹೊರಡಿಸಿದರು. ಸದಸ್ಯರ ಪಟ್ಟಿಯೇ ಇಲ್ಲದ ಒಂದು ಹೆಸರನ್ನು ಹಾಗೆ ಘೋಷಿಸಿದರೆ ನಾಳೆ ಆ ಹೆಸರನ್ನು ಯಾರ ಮೇಲೆ ಬೇಕಾದರೂ ಹಾಕಬಹುದು. ನನಗೆ ಭಯ ಅದರದ್ದು. ಮುಖ ಮುಚ್ಚಿಕೊಂಡು ಸಣ್ಣ ಗುಂಪಾಗಿ ಹೋಗಿ ಹೊಡೆಯುವುದರ ಭಯವೂ ಇದೆ. ಕೇಬಲ್ ಸ್ಟ್ರೀಟಿನಲ್ಲಿ ಕಿಟಕಿಯಿಂದ ಕಸ ಸುರಿದ ಹೆಂಗಸರು ಮುಖ ಮುಚ್ಚಿಕೊಂಡಿರಲಿಲ್ಲ. ಅದು ಅವರ ಮನೆ, ಅವರ ಕಿಟಕಿ. ಅವರನ್ನು ಆ ಬೀದಿಯಲ್ಲಿ ಎಲ್ಲರೂ ಬಲ್ಲರು.

ಇನ್ನೊಂದು ಕತೆ ಇದೆ, ಅದಕ್ಕಾಗಿಯೇ ಇಷ್ಟೆಲ್ಲ ಹೇಳಿದ್ದು.

ಫಿಲ್ ಪಿರಾಟಿನ್ ಎಂಬ ಯಹೂದಿ ಕಮ್ಯುನಿಸ್ಟ್ ಯುವಕ ಸ್ಟೆಪ್ನಿಯವರು. ಕೇಬಲ್ ಸ್ಟ್ರೀಟಿನ ದಿನ ಅವರೂ ಬೀದಿಯಲ್ಲಿದ್ದರು. ಅವರಿಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಒಮ್ಮೆ ಲೈಮ್‌ಹೌಸ್ ಕಡೆ ಮೋಸ್ಲಿಯ ಸಭೆಗೆ ಹೋಗಿ, ಸಭೆ ಮುಗಿದ ಮೇಲೆ ಹೊರಟ ಮೆರವಣಿಗೆಯನ್ನು ನಿಂತು ನೋಡಿದ್ದರು. ಅದರಲ್ಲಿ ನಡೆಯುತ್ತಿದ್ದವರು ಕೂಲಿಯವರು, ಮಗು ಎತ್ತಿಕೊಂಡ ತಾಯಂದಿರು. ಕೆಲವರ ಎದೆ ಮೇಲೆ ಕಾರ್ಮಿಕ ಸಂಘದ ಬಿಲ್ಲೆ. ಇವರು ಯಾಕೆ ಅವನ ಹಿಂದೆ ಹೋಗುತ್ತಿದ್ದಾರೆ? ಅವರ ವಠಾರಗಳನ್ನು ನೋಡಿದರೆ ಉತ್ತರ ಕಾಣುತ್ತಿತ್ತು. ಸೋರುವ ಸೂರು, ತಿಗಣೆ, ಹತ್ತಾರು ಮನೆಗೆ ಒಂದು ನಲ್ಲಿ, ಏರುತ್ತಲೇ ಇರುವ ಬಾಡಿಗೆ. ಯಾರ ಪಕ್ಷವೂ ಅಲ್ಲಿಗೆ ಬಂದಿರಲಿಲ್ಲ. ಮೋಸ್ಲಿ ಬಂದು, ನಿಮ್ಮ ಕಷ್ಟಕ್ಕೆ ಯಹೂದಿ ಕಾರಣ ಎಂದ.

1937ರ ಬೇಸಿಗೆ. ಪ್ಯಾರಗನ್ ಮ್ಯಾನ್ಶನ್ಸ್ ಎಂಬ ವಠಾರದಲ್ಲಿ ಬಾಡಿಗೆ ಬಾಕಿ ಉಳಿಸಿಕೊಂಡ ಎರಡು ಸಂಸಾರಗಳನ್ನು ಹೊರಹಾಕಲು ಕೋರ್ಟ್ ಆದೇಶ ಆಯಿತು. ಫ್ಯಾಸಿಸ್ಟ್ ಪಕ್ಷದ ಸದಸ್ಯರೂ ಅವರಲ್ಲಿದ್ದರು. ತಮ್ಮ ಪಕ್ಷದ ಕಡೆ ಹೋಗಿ ಕೇಳಿದರು, ಏನೂ ಸಹಾಯ ಆಗಲಿಲ್ಲ. ಪಿರಾಟಿನ್ ಮತ್ತು ಗೆಳೆಯರಿಗೆ ಇದು ಗೊತ್ತಾಯಿತು. ಅವರು ಮೋಸ್ಲಿ ಕಡೆಯವರು, ನಮಗೇಕೆ ಎಂದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ವಠಾರದ ಎಲ್ಲರನ್ನೂ ಸೇರಿಸಿ ಮಾತಾಡಿದರು. ಕೋರ್ಟಿನ ಅಮೀನರು ಬರುವ ದಿನ ಮೆಟ್ಟಿಲಿಗೆ ಅಡ್ಡ ಕಟ್ಟಿದರು. ಅಮೀನರು, ಪೊಲೀಸರು ಮೇಲೆ ಹತ್ತಿ ಬಂದಾಗ ವಠಾರದ ಹೆಂಗಸರು ಹಿಟ್ಟು, ನೀರು ಸುರಿದರು. ಅದೇ ಕೇರಿ, ಅದೇ ಉಪಾಯ, ಈ ಸಲ ಮೆಟ್ಟಿಲ ಮೇಲೆ. ಅಮೀನರು ವಾಪಸ್ ಹೋದರು. ಆಮೇಲೆ ಮಾತುಕತೆ ಆಗಿ ಸಂಸಾರಗಳು ಮನೆಯಲ್ಲೇ ಉಳಿದವು.

ಇಂಥ ಬಾಡಿಗೆದಾರರ ಹೋರಾಟಗಳಿಂದಲೇ ಮುಂದೆ ಸ್ಟೆಪ್ನಿಯಲ್ಲಿ ದೊಡ್ಡ ಸಂಘ ಬೆಳೆಯಿತು. 1939ರಲ್ಲಿ ಲ್ಯಾಂಗ್‌ಡೇಲ್ ಮ್ಯಾನ್ಶನ್ಸ್‌ನವರು 21 ವಾರ ಬಾಡಿಗೆ ಕಟ್ಟದೆ ಕೂತು ಗೆದ್ದರು. ಯಹೂದಿ, ಐರಿಷ್, ಇಂಗ್ಲಿಷ್ ಎಲ್ಲ ಸೇರಿ. 1945ರಲ್ಲಿ ಪಿರಾಟಿನ್ ಮೈಲ್ ಎಂಡ್‌ನಿಂದ ಸಂಸದರಾದರು.

ಅದೆಲ್ಲ ಆಮೇಲಿನ ಮಾತು. ಪ್ಯಾರಗನ್ ಮ್ಯಾನ್ಶನ್ಸ್‌ನ ಆ ದಿನದ ಬಗ್ಗೆ ಪಿರಾಟಿನ್ ತಾವೇ ಬರೆದಿಟ್ಟಿದ್ದಾರೆ. ಅಮೀನರು ಹೋದ ಮೇಲೆ ಅಲ್ಲಿದ್ದ ಫ್ಯಾಸಿಸ್ಟ್ ಪಕ್ಷದವರು ತಮ್ಮ ಸದಸ್ಯತ್ವದ ಕಾರ್ಡುಗಳನ್ನು ತಾವೇ ನಾಶ ಮಾಡಿದರು. ಯಾರೂ ಹೇಳಿರಲಿಲ್ಲ.